ಮಧುಮೇಹ ತಡೆ ಕಾರ್ಯಕ್ರಮ

ಮಧುಮೇಹ ತಡೆ ಕಾರ್ಯಕ್ರಮ: ಆಹಾರ, ವ್ಯಾಯಾಮ ಹಾಗೂ ತೂಕ ಇಳಿಕೆಯಿಂದ ಟೈಪ್ 2 ಮಧುಮೇಹವನ್ನು ತಡೆಯಬಹುದೇ ಎಂದು ಪರೀಕ್ಷಿಸಿದ ಅಮೆರಿಕದ ವೈದ್ಯಕೀಯ ಪ್ರಯೋಗ. 1996ರಲ್ಲಿ ಆರಂಭವಾಗಿ 27 ಕೇಂದ್ರಗಳಲ್ಲಿ ನಡೆಯಿತು. ರಕ್ತದ ಸಕ್ಕರೆ ಸಹಜಕ್ಕಿಂತ ಹೆಚ್ಚಿದ್ದರೂ ಮಧುಮೇಹದ ಮಟ್ಟ ಮುಟ್ಟಿರದ, ತೂಕ ಹೆಚ್ಚಿದ್ದ 3,234 ಮಂದಿಯನ್ನು ಮೂರು ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚಲಾಯಿತು: ಜೀವನಶೈಲಿ ಬದಲಾವಣೆ, ಮೆಟ್‌ಫಾರ್ಮಿನ್ ಮಾತ್ರೆ, ಔಷಧವಿಲ್ಲದ ಹುಸಿಮಾತ್ರೆ.

ವಿಧಾನ: ಜೀವನಶೈಲಿ ಗುಂಪಿಗೆ ಎರಡು ಗುರಿ: ದೇಹತೂಕದಲ್ಲಿ ಶೇ. 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. 80 ಕೆ.ಜಿ. ತೂಗುವವರು 5.6 ಕೆ.ಜಿ. ಇಳಿಸಿದರೆ ಸಾಕಿತ್ತು. ಮೊದಲ 24 ವಾರಗಳಲ್ಲಿ ತರಬೇತುದಾರರು ಒಬ್ಬೊಬ್ಬರನ್ನೇ ಕೂರಿಸಿಕೊಂಡು 16 ಪಾಠ ಹೇಳಿದರು. ತಿಂದದ್ದನ್ನೂ ನಡೆದ ನಿಮಿಷಗಳನ್ನೂ ಬರೆದಿಡುವುದು ಅಭ್ಯಾಸದ ಭಾಗವಾಗಿತ್ತು.

ಫಲಿತಾಂಶ: 2002ರ ವರದಿಯಂತೆ, ಸರಾಸರಿ 2.8 ವರ್ಷಗಳಲ್ಲಿ ಹುಸಿಮಾತ್ರೆ ಗುಂಪಿಗಿಂತ ಜೀವನಶೈಲಿ ಗುಂಪಿನಲ್ಲಿ ಮಧುಮೇಹ ಶೇ. 58ರಷ್ಟು, ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ. 31ರಷ್ಟು ಕಡಿಮೆಯಾಯಿತು. ಸೊಂಟದ ಬೊಜ್ಜು, ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳ ಏರುಪೇರು ಒಟ್ಟುಗೂಡುವ ಮೆಟಬಾಲಿಕ್ ಸಿಂಡ್ರೋಮ್‌ನ ಹೊಸ ಪ್ರಕರಣಗಳೂ ಜೀವನಶೈಲಿ ಗುಂಪಿನಲ್ಲಿ ಶೇ. 41ರಷ್ಟು ತಗ್ಗಿದವು.

ಭಾರತದಲ್ಲಿ: 531 ಮಂದಿಯ ಮೇಲೆ ಚೆನ್ನೈ ತಂಡ ನಡೆಸಿದ ಇಂಥದೇ ಅಧ್ಯಯನ (2006) ಜೀವನಶೈಲಿ ಬದಲಾವಣೆಯಿಂದ ಅಪಾಯ ಶೇ. 28.5ರಷ್ಟು ಇಳಿಯುವುದನ್ನು ತೋರಿಸಿತು.