ಮುಂಗಾರು ಮಳೆಯ ಗೆಲುವು ಯಾರದು?

2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಗೆದ್ದದ್ದು ಜೋಗದ ಧುಮುಕಿನಿಂದ, ಎಸ್. ಕೃಷ್ಣ ಅವರ ಕ್ಯಾಮೆರಾದಿಂದ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅರ್ಧ ಸತ್ಯ. ಮಳೆಯನ್ನು ಆಮೇಲೆ ಎಷ್ಟೋ ಚಿತ್ರಗಳು ಸುರಿಸಿದವು, ಹೆಚ್ಚಿನವು ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ನಿರ್ದೇಶಕ ಯೋಗರಾಜ ಭಟ್ಟರ ಮಾತುಗಾರ ನಾಯಕ. ಕಿರುತೆರೆಯ ‘ಕಾಮಿಡಿ ಟೈಮ್’ನಿಂದ ಬಂದಿದ್ದ ಗಣೇಶ್ ಇಲ್ಲಿ ದೇವದಾಸ ಎಂಬ ಮೊಲದ ಮುಂದೆ ತನ್ನ ಸಂಕಟ ತೋಡಿಕೊಳ್ಳುತ್ತಾನೆ, ನಗಿಸುತ್ತಲೇ ಸೋಲುತ್ತಾನೆ. ಕೊನೆಗೆ ಹುಡುಗಿಯನ್ನು ಬಿಟ್ಟುಕೊಟ್ಟು ಹೊರಡುತ್ತಾನೆ. ಮಚ್ಚು ಹಿಡಿದ ನಾಯಕರ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

ಆದರೆ ಭಗ್ನಪ್ರೇಮ ಕನ್ನಡಕ್ಕೆ ಹೊಸದೇ, ಸಂಗೀತ ನಿರ್ದೇಶಕ ಮನೋಮೂರ್ತಿಯವರ ಇಂಪು 1990ರ ದಶಕದ ‘ಅಮೆರಿಕ ಅಮೆರಿಕ’ದಲ್ಲೇ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಈ ಬಾರಿ ಅದಕ್ಕೆ ಜಯಂತ ಕಾಯ್ಕಿಣಿಯವರಂಥ ಕಥೆಗಾರ, ಕವಿಯ ಸಾಲುಗಳು ಸೇರಿದವು, ಜೊತೆಗೆ ಹೊಸ ಜಾಗವೊಂದು ಸಿಕ್ಕಿತು. ಬೆಂಗಳೂರಿನ ಪಿವಿಆರ್ ಮಲ್ಟಿಪ್ಲೆಕ್ಸ್‌ನಲ್ಲಿ ಚಿತ್ರ ಒಂದು ವರ್ಷಕ್ಕೂ ಹೆಚ್ಚು ಓಡಿತು. ಹಿಂದಿ, ಇಂಗ್ಲಿಷ್ ಚಿತ್ರಗಳಿಗೆಂದೇ ಇದ್ದಂತಿದ್ದ ಆ ಪರದೆ ಕನ್ನಡಕ್ಕೂ ಲಾಭ ತರುತ್ತದೆಂದು ಮಾಲೀಕರಿಗೆ ಲೆಕ್ಕವೇ ಹೇಳಿತು. ಹಾಗೆಂದು ಇದನ್ನು ಬರೀ ನಗರದ ಗೆಲುವು ಎನ್ನಲಾಗದು. ಊರೂರಿನ ಒಂಟಿ ಪರದೆಗಳಲ್ಲೂ ಜನ ಮುಗಿಬಿದ್ದರು. ತೀರ ಬೇರೆ ಜಾಡಿನ, ಒರಟು ಮೈಯ ‘ದುನಿಯಾ’ ಕೂಡ 2007ರ ಆರಂಭದಲ್ಲೇ ಗೆದ್ದಿತು. ಪ್ರೇಕ್ಷಕರಿಗೆ ಬೇಕಿದ್ದದ್ದು ಮಳೆಯಲ್ಲ, ಹಳೆಯ ಅಚ್ಚಿನಿಂದ ಬಿಡುಗಡೆ. ನಿರ್ಮಾಪಕರು ಮಾತ್ರ ಛತ್ರಿ ಹಿಡಿದು ಮಲೆನಾಡಿಗೆ ಹೊರಟರು.