ರಹದಾರಿಯ ಕಥೆ

ನಮ್ಮ ಕೆರಗೋಡಿನ ತರುಣನೊಬ್ಬ, ಹಿಂದೆ ನನ್ನ ಶಿಷ್ಯನಾಗಿದ್ದವನು, ಯೂರೋಪಿನ ಪ್ರವಾಸ ಮುಗಿಸಿ ಬಂದು ನನ್ನ ಮುಂದೆ ಒಂದು ದೂರನ್ನಿಟ್ಟ. ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಅವನು ಒಂದೇ ಪಾಸನ್ನು ಕೊಂಡಿದ್ದ. ಹಣ ತೆತ್ತದ್ದೂ ನಿಜ, ಪಾಸು ಜೇಬಿನಲ್ಲಿದ್ದುದೂ ನಿಜ. ಆದರೆ ರೈಲು ಹತ್ತುವ ಮುನ್ನ ಅಂದಿನ ಪ್ರಯಾಣವನ್ನು ಅದರಲ್ಲಿ ನಮೂದಿಸಲು ಮರೆತಿದ್ದ, ದಂಡ ಬಿತ್ತು. “ಹಣ ಕೊಟ್ಟವನಿಗೂ ದಂಡವೇ, ಮೇಷ್ಟ್ರೇ?” ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆ ಬಹಳ ಹಳೆಯದು.

ಇಂದು ಕೆರಗೋಡು ಒಂದು ಊರು. ಗಂಗರ ಕಾಲದ ತಾಮ್ರಶಾಸನದಲ್ಲಾದರೋ ಅದು ‘ಕೆರೆಗೋಡು ವಿಷಯ’, ಎಂದರೆ ಒಂದು ನಾಡಿನ ಹೆಸರು. ನಾಡೆಂದ ಮೇಲೆ ಗಡಿಯುಂಟು. ಗಡಿಯೆಂದ ಮೇಲೆ ಕಾವಲುಂಟು, ಸುಂಕವುಂಟು. ನಮ್ಮ ಜಿಲ್ಲೆಯವರು ಹರಕೆ ಹೊತ್ತು ಹೋಗುವ ಆರತಿ ಉಕ್ಕಡದ ಹೆಸರನ್ನು ಗಮನಿಸಿರಿ. ಉಕ್ಕಡವೆಂದರೆ ಕೋಟೆಯ ಅಥವಾ ಊರಿನ ಹೊರಗಣ ಕಾವಲುಠಾಣೆ. ಸುಂಕದ ಕಾಯಕದವನೇ ವಚನಕಾರನಾದುದೂ ಉಂಟು. ಹನ್ನೆರಡನೆಯ ಶತಮಾನದ ಸುಂಕದ ಬಂಕಣ್ಣನೇ ಸಾಕ್ಷಿ.

ಪ್ರಯಾಣಕ್ಕೆ ಪತ್ರ ಬೇಕೆಂಬ ನಿಯಮವನ್ನು ಕೌಟಿಲ್ಯನ ಅರ್ಥಶಾಸ್ತ್ರವೇ ಹೇಳುತ್ತದೆ. ಈ ಗ್ರಂಥವನ್ನು ೧೯೦೫ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರಂತೆ ಮುದ್ರಾಧ್ಯಕ್ಷನೆಂಬ ಅಧಿಕಾರಿ ಒಂದು ಮಾಷವನ್ನು ಪಡೆದು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನೇ ಜನಪದವನ್ನು ಹೊಗಬಹುದು, ಬಿಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ ೧೨ ಪಣ ದಂಡ. ಕಳ್ಳಮುದ್ರೆಗೆ ಇನ್ನೂ ಹೆಚ್ಚು. ದಾರಿಯಲ್ಲಿ ಅದನ್ನು ಪರೀಕ್ಷಿಸುವವನು ಹುಲ್ಲುಗಾವಲುಗಳ ಅಧ್ಯಕ್ಷ.

ಮುಂದೆ ಪಾರಸಿಯಿಂದ ‘ರಹದಾರಿ’ ಎಂಬ ಮಾತು ಬಂದಿತು. ರಾಹವೆಂದರೂ ಹಾದಿ, ದಾರಿಯೆಂದರೂ ಹಾದಿಯಲ್ಲವೇ ಎಂದು ತರಗತಿಯಲ್ಲಿ ಹುಡುಗರು ನಗುವುದುಂಟು. ಆದರೆ ಇಲ್ಲಿಯ ‘ದಾರಿ’ ಕನ್ನಡದ್ದಲ್ಲ. ಅದಕ್ಕೆ ಕಾಯುವಿಕೆ, ನಿರ್ವಹಣೆ ಎಂದು ಅರ್ಥ. ಹಾದಿಯ ಕಾವಲಿಗೂ ಅದರ ಸುಂಕಕ್ಕೂ ಇದ್ದ ಹೆಸರು ಕ್ರಮೇಣ ಪ್ರಯಾಣಿಕನ ಕೈಯ ಕಾಗದಕ್ಕೆ ಅಂಟಿಕೊಂಡಿತು.

ಮದ್ದೂರು, ಮಂಡ್ಯಗಳ ಮೇಲೆ ಹಾಯುವ ಬೆಂಗಳೂರು–ಮೈಸೂರು ರೈಲುಮಾರ್ಗ ೧೮೮೨ರಲ್ಲಿ ಮುಗಿಯಿತು. ದೂರ ಹತ್ತಿರವಾಯಿತು; ರೋಗವೂ ಹತ್ತಿರವಾಯಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆ ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ ಅಧಿಕಾರವನ್ನು ಆಗಲೇ ಕೊಟ್ಟಿತ್ತು. ನೆರೆಯ ಮದರಾಸು ಆಧಿಪತ್ಯದಲ್ಲಿ ‘ಪ್ಲೇಗ್ ಪಾಸ್‌ಪೋರ್ಟ್’ ಬಂದಿತು. ಸೋಂಕಿನ ಊರಿನಿಂದ ಬಂದವನು ತಾನು ಯಾರು, ಹೋಗುವುದೆಲ್ಲಿಗೆ ಎಂಬುದನ್ನು ಬರೆಯಿಸಿಕೊಂಡು, ತಲಪಿದ ಊರಿನಲ್ಲಿ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಿ ಹಾಕಬೇಕಾಗಿತ್ತು. ಟಿಕೀಟು ಕೊಂಡಿದ್ದೇನೆಂದರೆ ಸಾಲದು.

ಉದ್ದೇಶ ಒಳ್ಳೆಯದು, ನಡೆದ ರೀತಿ ಎಲ್ಲೆಡೆಯೂ ಒಳ್ಳೆಯದಾಗಿರಲಿಲ್ಲ. ತಪಾಸಣೆಯ ಭಾರ ಮೂರನೆಯ ದರ್ಜೆಯ ಬಡವನ ಮೇಲೇ ಹೆಚ್ಚಾಗಿ ಬಿದ್ದಿತು. ಹೆಂಗಸರ ಮಾನಕ್ಕೆ ಕುಂದಾದೀತೆಂದು ಜನ ಕನಲಿದರು. ಹೆದರಿದವರು ಮನೆಯ ರೋಗಿಯನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗ ಮತ್ತಷ್ಟು ಹಬ್ಬಿತು. ನಿಯಮದ ಕಾರಣವನ್ನು ತಿಳಿಯಹೇಳದೆ ಬರಿಯ ದಂಡವನ್ನೇ ತೋರಿದರೆ ನಿಯಮವೇ ಸೋಲುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಶಿಷ್ಯನ ಪ್ರಶ್ನೆ. ಯೂರೋಪಿನ ಹೊರಗಿನವರಿಗಾಗಿ ‘ಯುರೇಲ್’ ಪಾಸು ೧೯೫೯ರಲ್ಲಿ ೧೩ ದೇಶಗಳ ರೈಲುಗಳಿಗೆಂದು ಆರಂಭವಾಯಿತು; ಇಂದು ೩೩ ದೇಶಗಳಲ್ಲಿ ನಡೆಯುತ್ತದೆ. ಕೊಂಡವನ ಹೆಸರಿಗೇ ಅದು ಸಲ್ಲುವುದರಿಂದ ಪಾಸ್‌ಪೋರ್ಟು ಜೊತೆಗಿರಬೇಕು. ಹತ್ತುವ ಮುನ್ನ ಆ ರೈಲನ್ನು ನಮೂದಿಸಬೇಕು. ಹಲವು ವೇಗದ ರೈಲುಗಳಿಗೂ ರಾತ್ರಿಯ ರೈಲುಗಳಿಗೂ ಆಸನವನ್ನು ಬೇರೆಯಾಗಿ ಕಾದಿರಿಸಬೇಕು. ಗಡಿ ದಾಟಲು ಬೇಕಾದ ವೀಸಾ ಬೇರೆಯೇ. ರೈಲಿನ ಪಾಸು ಅದಕ್ಕೆ ಬದಲಲ್ಲ.

ಟಿಕೀಟು ಹೇಳುವುದು ಹಣ ಸಂದಿದೆ ಎಂದು. ರಹದಾರಿ ಹೇಳುವುದು ಇಂಥವನು, ಇಂದು, ಇಲ್ಲಿಗೆ ಹೊರಟಿದ್ದಾನೆ ಎಂದು. ನಮೂದಿಲ್ಲದ ಪಾಸು ಮುದ್ರೆ ಬೀಳದ ಓಲೆ. ಇದನ್ನು ಕೇಳಿ ಶಿಷ್ಯ ನಕ್ಕ. “ಮೇಷ್ಟ್ರೇ, ಅಂದು ಇದನ್ನೇ ಅವರು ಸಮಾಧಾನವಾಗಿ ಹೇಳಿದ್ದರೆ ದಂಡ ಕೊಟ್ಟೂ ನನಗೆ ಬೇಸರವಾಗುತ್ತಿರಲಿಲ್ಲ” ಎಂದ. ಅವನ ಮಾತೂ ಸರಿಯೇ.