ಡಬ್ಬಿ ತೆರೆಯುವ ಮೊದಲು

ಸಾರ್ವಜನಿಕ ಕಲೆಯ ಸಂರಕ್ಷಣೆ ಕುರಿತು ವಿದ್ಯಾರ್ಥಿಗಳು ಬರೆದು ತರುವ ಸಂಶೋಧನಾ ಪ್ರಸ್ತಾವಗಳಲ್ಲಿ ಖರ್ಚಿನ ಪಟ್ಟಿ ಸಾಮಾನ್ಯವಾಗಿ ಬಣ್ಣದ ಡಬ್ಬಿಯಿಂದಲೇ ಶುರುವಾಗುತ್ತದೆ. ಮಾಸಿದ ಗೋಡೆಗೆ ಹೊಸ ಬಣ್ಣ, ಮೊದಲಿನದೊಂದು ಫೋಟೋ, ಆಮೇಲಿನದೊಂದು. ಅಲ್ಲಿಗೆ ಸಂರಕ್ಷಣೆ ಮುಗಿಯಿತು.

ಈ ನಂಬಿಕೆ ಹೊಸದೇನಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪೊಳ್ಳಿಲೂರು ಕದನದ ಚಿತ್ರವನ್ನು 19ನೇ ಶತಮಾನದಲ್ಲಿ ಮತ್ತೆ ಬರೆಸಿದ್ದರು. ಇವತ್ತು ಕಣ್ಣಿಗೆ ಬೀಳುವ ಗೆರೆ ಟಿಪ್ಪುವಿನ ಕಾಲದ್ದೋ ಅದನ್ನು ಮತ್ತೆ ಬರೆಸಿದ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ್ದೋ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. 1920ರ ಸುಮಾರಿಗೆ ನಿಜಾಮ್ ಸರ್ಕಾರ ಅಜಂತಾಕ್ಕೆ ಇಟಲಿಯ ತಜ್ಞರನ್ನು ಕರೆಸಿತು. ಕಳಚಿ ಬೀಳುತ್ತಿದ್ದ ಪದರಗಳನ್ನು ಅವರು ಗೋಡೆಗೆ ಕೂಡಿಸಿದ್ದು ನಿಜ. ಆದರೆ ಮೇಲೆ ಬಳಿದ ಅರಗಿನ ವಾರ್ನಿಷ್ ಹಳದಿಗಟ್ಟಿತು, ಅದನ್ನು ತೆಗೆಯುವುದೇ ಮುಂದಿನವರ ಕೆಲಸವಾಯಿತು.

ದಾರಿ ಬದಲಾದದ್ದು ರೋಮಿನಲ್ಲಿ. 1939ರಲ್ಲಿ ಶುರುವಾದ ಅಲ್ಲಿನ ಸಂರಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ ಚೆಸಾರೆ ಬ್ರಾಂದಿ, ಚಿತ್ರದಲ್ಲಿ ಉದುರಿಹೋದ ಜಾಗವನ್ನು ಸಣ್ಣ ಲಂಬ ಗೆರೆಗಳಿಂದ ತುಂಬುವ ಪದ್ಧತಿ ರೂಢಿಸಿದ. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಹೋದರೆ ತೇಪೆ ತಾನೇ ಒಪ್ಪಿಕೊಳ್ಳುತ್ತದೆ. ಊಹೆ ಶುರುವಾದಲ್ಲಿ ಕೈ ನಿಲ್ಲಬೇಕೆಂದು 1964ರ ವೆನಿಸ್ ಸನ್ನದು ಸಾರಿತು. ನಮ್ಮಲ್ಲಿ 1976ರಲ್ಲಿ ಲಖನೌದಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ ಬಂತು, ಮುಂದೆ ಮೈಸೂರಿನಲ್ಲಿ ಅದರ ಶಾಖೆ. ದೇಗುಲ, ಅರಮನೆಗಳ ಮೇಲಿಟ್ಟಷ್ಟು ಗಮನವನ್ನು ಈ ಪರಂಪರೆ ಬೀದಿಯ ಮೇಲೆ ಇಡಲಿಲ್ಲ.

ಬೀದಿಯ ಪಾಠಕ್ಕೆ ಲಾಸ್ ಏಂಜಲೀಸ್‌ಗೇ ಹೋಗಬೇಕು. 1932ರಲ್ಲಿ ಮೆಕ್ಸಿಕೋದ ಕಲಾವಿದ ಸಿಕೇರೋಸ್ ಅಲ್ಲಿನ ಓಲ್ವೇರಾ ಬೀದಿಯ ಗೋಡೆಯ ಮೇಲೆ ಶಿಲುಬೆಗೇರಿದ ಮೂಲನಿವಾಸಿಯೊಬ್ಬನನ್ನೂ ಅವನ ತಲೆಯ ಮೇಲೆ ಅಮೆರಿಕದ ಹದ್ದನ್ನೂ ಚಿತ್ರಿಸಿದ. ಹಣ ಕೊಟ್ಟವರಿಗೆ ಇದು ಹಿಡಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಪೂರ್ತಿ ಬಿಳಿ ಬಣ್ಣ ಬಳಿದರು. ಆ ಬಿಳಿಪದರ ಉದುರುತ್ತ ಬಂದಂತೆ ಚಿತ್ರ ಮತ್ತೆ ಇಣುಕಿತು. ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು ಹಕ್ಕಳೆ ಎದ್ದ ಬಣ್ಣವನ್ನು ಅಂಟಿಸಿದರು, ಕೊಳೆ ತೆಗೆದರು, ಬಿಸಿಲಿಗೆ ಮರೆ ಕಟ್ಟಿದರು. ಚಿತ್ರವನ್ನು ಮತ್ತೆ ಬರೆಯಲಿಲ್ಲ. 2012ರಿಂದ ಜನ ನೋಡುತ್ತಿರುವುದು ಆ ಮಂಕು ಚಿತ್ರವನ್ನೇ. ಸುಣ್ಣ ಬಳಿದ ಕೈ ಕೂಡ ಈಗ ಅದರ ಚರಿತ್ರೆಯ ಭಾಗ.

ಭಾರತದಲ್ಲಿ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಸೇರಿಸಲಾಗಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಅದರ ಅವಶೇಷಗಳನ್ನು ಕಲಾವಿದರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಗೋಡೆ ಸರ್ಕಾರದ್ದಾದರೂ ಕೃತಿಯ ಮೇಲೆ ಕಲಾವಿದನ ಹಕ್ಕು ಉಳಿದಿರುತ್ತದೆ. ಕಲಾವಿದನನ್ನು ಕೇಳದೆಯೇ ಅವನ ಗೋಡೆಯನ್ನು ‘ಉಳಿಸಲು’ ಹೊರಡುವ ವಿದ್ಯಾರ್ಥಿ ತಂಡಗಳು ಓದಲೇಬೇಕಾದ ತೀರ್ಪು ಇದು.

ಇನ್ನು ಬೆಂಗಳೂರು. 2009ರ ಹೊತ್ತಿಗೆ ಪಾಲಿಕೆ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರ ಕೈ ಅದರಲ್ಲಿತ್ತು. ಜಲಪಾತ, ಹುಲಿ, ಹಂಪಿಯ ರಥ ನೋಡಿ ಕಲಾವಿಮರ್ಶಕರು ಮೂಗು ಮುರಿದರು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟಾಗ ಸಂರಕ್ಷಣೆಯ ಲೆಕ್ಕವೇ ತಲೆಕೆಳಗಾಯಿತು. ಗುಂಡಿ ಮುಚ್ಚಿದರಷ್ಟೇ ಆ ಕೃತಿ ಗೆದ್ದಂತೆ. ಅಲ್ಲಿ ಉಳಿಸಬೇಕಾದದ್ದು ಫೋಟೋ, ತಾರೀಖು, ದಾರಿಹೋಕರ ಮಾತು.

ಗೋಡೆಯ ಚಿತ್ರವನ್ನೇ ಆರಿಸಿಕೊಂಡ ತಂಡಕ್ಕೆ ಒಂದೇ ಗೋಡೆ ಸಾಕು. ಮುಂಗಾರಿಗೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಯಬೇಕು. ಟಾರ್ಚನ್ನು ಗೋಡೆಯ ಪಕ್ಕಕ್ಕೆ ಹಿಡಿದರೆ ಉಬ್ಬು, ಬಿರುಕು ನೆರಳಾಗಿ ಎದ್ದು ಕಾಣುತ್ತವೆ. ತೇವ ನೆಲದಿಂದ ಏರುತ್ತಿದೆಯೋ ಮೇಲಿನಿಂದ ಇಳಿಯುತ್ತಿದೆಯೋ, ಉಪ್ಪು ಎಲ್ಲಿ ಬಿಳಿಯಾಗಿ ಹೊಮ್ಮಿದೆ ಎಂಬುದು ನಕ್ಷೆಗೆ ಬರಬೇಕು. ಇಷ್ಟನ್ನು ಮಾಡುವವರು ಸಿಗುತ್ತಾರೆ. ಬರೆದವರ ಮನೆ ಹುಡುಕಿ ಹೋಗುವವರು ಕಡಿಮೆ. ಎನಾಮೆಲ್ಲೋ ಎಮಲ್ಷನ್ನೋ, ಅಡಿಗೆ ಪ್ರೈಮರ್ ಹಾಕಿದ್ದರೋ ಅಥವಾ ಹಳೆಯ ಸುಣ್ಣದ ಮೇಲೇ ಬರೆದರೋ, ದಿನಗೂಲಿಯೋ ಚದರಡಿ ಲೆಕ್ಕವೋ, ಮತ್ತೆ ಯಾರಾದರೂ ತಿದ್ದಿದರೆ ಅವರಿಗೆ ಒಪ್ಪಿಗೆಯೋ: ಇದೆಲ್ಲ ಗೊತ್ತಿರುವುದು ಬರೆದ ಕೈಗಳಿಗೆ, ಅವರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಾದದ್ದು ಅವರ ಮನೆಗೆ ಹೋಗಿಬರುವ ಬಸ್ ಚಾರ್ಜು.